ತಾಮ್ರದ ಸರ್ಪ ಮತ್ತು ವಿಲಿಯಂ ಬ್ರಾನ್‌ಹ್ಯಾಮ್

ಸತ್ಯವೇದ ಅಧ್ಯಯನ. ಓದುವ ಭಾಗ: 2 ಅರಸುಗಳು 18:1-6, ಅರಣ್ಯಕಾಂಡ 21:4-9, ಧರ್ಮೋಪದೇಶಕಾಂಡ 13:1-5 ಮತ್ತು 18:20-22

ಎಲ್ಲರೂ ಸತ್ಯವೇದ ತೆಗೆಯಿರಿ. 2 ಅರಸುಗಳು 18ನೇ ಅಧ್ಯಾಯ, 4ನೇ ವಚನ. ಹಿಜ್ಕೀಯನು ಪಟ್ಟಕ್ಕೆ ಬಂದ ಮೇಲೆ ಪೂಜಾಸ್ಥಳಗಳನ್ನು ಹಾಳುಮಾಡಿಸಿದ, ಕಲ್ಲುಕಂಬಗಳನ್ನು ಒಡೆಸಿದ. ಇದು ನಮಗೆ ಅರ್ಥವಾಗುತ್ತೆ, ಅವೆಲ್ಲ ಅನ್ಯದೇವರುಗಳಿಗೆ ಸೇರಿದವು. ಆದರೆ ಅದೇ ವಚನದಲ್ಲಿ ಇನ್ನೊಂದು ವಸ್ತು ಇದೆ. ಮೋಶೆ ಮಾಡಿಸಿದ್ದ ತಾಮ್ರದ ಸರ್ಪ. ಅದನ್ನೂ ಹಿಜ್ಕೀಯ ಚೂರುಚೂರು ಮಾಡಿದ. ಯಾಕೆಂದರೆ ಇಸ್ರಾಯೇಲ್ಯರು ಅದಕ್ಕೆ ಧೂಪ ಹಾಕುತ್ತಾ ಬಂದಿದ್ದರು, ಅದಕ್ಕೆ ನೆಹುಷ್ಟಾನ್ ಅಂತ ಹೆಸರೂ ಇತ್ತು.

ಸ್ವಲ್ಪ ಯೋಚನೆ ಮಾಡಿ. ಅದು ಬಾಳನ ಮೂರ್ತಿ ಅಲ್ಲ. ದೇವರೇ ಮಾಡು ಅಂತ ಹೇಳಿದ ವಸ್ತು. ಹಾವು ಕಚ್ಚಿದವರು ಅದನ್ನು ನೋಡಿ ನಿಜವಾಗಿ ಬದುಕಿದರು. ಅದನ್ನು ಒಡೆದ ದಿನ ಯೆರೂಸಲೇಮಿನಲ್ಲಿ ಯಾರಾದರೂ ಹಿರಿಯರು, "ಅರಸನೇ, ನಮ್ಮ ಪಿತೃಗಳು ಇದರಿಂದ ಬದುಕಿದ್ದಾರಲ್ಲಾ" ಅಂತ ಅಡ್ಡ ನಿಂತಿರಬಹುದು. ಅವರ ಮಾತು ಸುಳ್ಳಾಗಿರುತ್ತಿರಲಿಲ್ಲ. ಆದರೂ ಸರ್ಪ ಒಡೆಯಬೇಕಾಗಿತ್ತು. ಈ ಎರಡನ್ನೂ ಕೈಯಲ್ಲಿ ಹಿಡಿದುಕೊಂಡು ಇವತ್ತಿನ ಪಾಠಕ್ಕೆ ಬರೋಣ.

ಇವತ್ತು ಒಬ್ಬ ಮನುಷ್ಯನ ಹೆಸರು ಹೇಳಬೇಕಾಗಿದೆ. ಸಾಮಾನ್ಯವಾಗಿ ನಾನು ಪ್ರಸಂಗಪೀಠದಿಂದ ಬೇರೆ ಗುಂಪುಗಳ ಹೆಸರು ಹಿಡಿದು ಮಾತಾಡೋದಿಲ್ಲ. ಆದರೆ ನಮ್ಮ ರಾಜ್ಯದಲ್ಲೂ ಬ್ರಾನ್‌ಹ್ಯಾಮ್ ಅವರನ್ನು ಅಂತ್ಯಕಾಲದ ಪ್ರವಾದಿ ಅಂತ ನಂಬುವ ಸಭೆಗಳಿವೆ. ಜನ ಅವನ್ನು ಮೆಸೇಜ್ ಸಭೆ ಅಂತ ಕರೀತಾರೆ. ಅಲ್ಲಿಂದ ಹೊರಬಂದವರು ನಮ್ಮಂಥ ಸಭೆಗಳ ಬಾಗಿಲಿಗೆ ಬರ್ತಾರೆ, ಹಿಂದಿನ ಬೆಂಚಿನಲ್ಲಿ ಕೂತ್ಕೊಳ್ತಾರೆ, ಆಮೇಲೆ ಒಬ್ಬೊಬ್ಬರಾಗಿ ಬಂದು ಪ್ರಶ್ನೆ ಕೇಳ್ತಾರೆ. ಬೈಬಲ್ ಕಾಲೇಜಿನಲ್ಲಿ ಸಭಾ ಚರಿತ್ರೆಯ ತರಗತಿಯಲ್ಲಿ ಈ ಹೆಸರು ಅರ್ಧ ಪುಟದಲ್ಲಿ ಮುಗಿದುಹೋಯ್ತು. ಅವರ ಪ್ರಶ್ನೆಗಳಿಗೆ ಆ ಅರ್ಧ ಪುಟ ಸಾಲೋದಿಲ್ಲ.

ವಿಲಿಯಂ ಮೇರಿಯನ್ ಬ್ರಾನ್‌ಹ್ಯಾಮ್ 1909ರಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಒಂದು ಬಡ ಮನೆಯಲ್ಲಿ ಹುಟ್ಟಿದರು. ಬೆಳೆದದ್ದು, ಸೇವೆ ಮಾಡಿದ್ದು ಇಂಡಿಯಾನಾ ರಾಜ್ಯದ ಜೆಫರ್ಸನ್‌ವಿಲ್ ಎಂಬ ಊರಿನಲ್ಲಿ. ಓದು ಹೆಚ್ಚಿಲ್ಲ, ಮಾತು ಸರಳ. ಮೊದಲು ಬ್ಯಾಪ್ಟಿಸ್ಟ್ ಬೋಧಕರು. 1946ರ ಮೇ ತಿಂಗಳಲ್ಲಿ ಒಬ್ಬ ದೂತನು ತನಗೆ ಕಾಣಿಸಿಕೊಂಡು ಸ್ವಸ್ಥತೆಯ ವರವನ್ನು ಕೊಟ್ಟನೆಂದು ಅವರು ಹೇಳಿದರು. ಅಲ್ಲಿಂದ ಮುಂದೆ ಎರಡನೇ ಮಹಾಯುದ್ಧದ ನಂತರದ ದೊಡ್ಡ ಸ್ವಸ್ಥತಾ ಕೂಟಗಳಲ್ಲಿ ಅವರದ್ದೇ ಮೊದಲ ಹೆಸರು. ವೇದಿಕೆ ಮೇಲೆ ನಿಂತ ರೋಗಿಯ ಹೆಸರು, ಊರು, ಕಾಯಿಲೆ ಎಲ್ಲ ಹೇಳುತ್ತಿದ್ದರು. ಅವರ ಕೂಟಗಳ ಸುದ್ದಿ ಹರಡುವುದಕ್ಕೇ ಗಾರ್ಡನ್ ಲಿಂಡ್ಸೆ ಎಂಬವರು 1948ರಲ್ಲಿ ವಾಯ್ಸ್ ಆಫ್ ಹೀಲಿಂಗ್ ಎಂಬ ಪತ್ರಿಕೆ ಶುರುಮಾಡಿದರು. 1951ರಲ್ಲಿ ದಕ್ಷಿಣ ಆಫ್ರಿಕ, 1954ರ ಸೆಪ್ಟೆಂಬರಿನಲ್ಲಿ ನಮ್ಮ ಬೊಂಬಾಯಿ. ಬೊಂಬಾಯಿಯ ಕೂಟಕ್ಕೆ ಲಕ್ಷಗಟ್ಟಲೆ ಜನ ಬಂದಿದ್ದರೆಂದೂ ಒಬ್ಬ ಕುರುಡನಿಗೆ ಕಣ್ಣು ಬಂತೆಂದೂ ಅವರು ಮುಂದೆ ಅನೇಕ ಪ್ರಸಂಗಗಳಲ್ಲಿ ಹೇಳಿದರು.

ಇಲ್ಲಿ ಒಂದು ಮಾತು ನೆನಪಿಡಿ. ಅವರನ್ನು ದೊಡ್ಡವರನ್ನಾಗಿ ಮಾಡಿದ್ದು ಬೇರೆ ಯಾರೋ ಅಲ್ಲ. ಪೆಂತೆಕೊಸ್ತ್ ಸಭೆಗಳೇ. ಡೇರೆ ಹಾಕಿಸಿದ್ದು ನಾವು, ಜನ ಕರೆತಂದಿದ್ದು ನಾವು, ಪತ್ರಿಕೆಯಲ್ಲಿ ಬರೆದದ್ದು ನಮ್ಮವರು. ಇದನ್ನು ಆಮೇಲೆ ಮತ್ತೆ ನೋಡ್ತೀವಿ.

ಐವತ್ತರ ದಶಕದ ಕೊನೆಗೆ ಕೂಟಗಳು ಚಿಕ್ಕದಾದವು, ಬೋಧನೆ ಬೇರೆಯಾಯ್ತು. ಹವ್ವಳು ಹಣ್ಣು ತಿಂದದ್ದು ಹಣ್ಣಲ್ಲ, ಸರ್ಪದೊಂದಿಗೆ ಕೂಡಿದ್ದು, ಕಾಯಿನನು ಸರ್ಪನ ಸಂತಾನ ಅಂತ ಕಲಿಸಿದರು. ಆದಿಕಾಂಡ 4:1 ಓದಿ ನೋಡಿ, ಕಾಯಿನನ ತಂದೆ ಯಾರು ಅನ್ನೋದನ್ನು ಮೋಶೆ ಸ್ಪಷ್ಟವಾಗಿ ಬರೆದಿದ್ದಾನೆ. ತ್ರಿತ್ವದ ಬೋಧನೆಯನ್ನು ತಿರಸ್ಕರಿಸಿದರು. ಸಭಾಪಂಗಡಗಳೆಲ್ಲ ಮೃಗದ ಗುರುತಿಗೆ ಸೇರಿದವು ಅಂದರು. ಏಳು ಸಭೆಗಳಿಗೆ ಏಳು ಕಾಲ, ಕಾಲಕ್ಕೊಬ್ಬ ದೂತ, ಕೊನೆಯ ಲವೊದಿಕೀಯ ಕಾಲಕ್ಕೆ ಮಲಾಕಿಯ 4:5ರ ಎಲೀಯನು ಬರಬೇಕು ಅಂದರು. ಆ ಎಲೀಯ ಯಾರು ಅಂತ ಕೇಳುವವರಿಗೆ ಅರ್ಥವಾಗುವ ಹಾಗೆ ಮಾತಾಡಿದರು. 1963ರ ಮಾರ್ಚ್‌ನಲ್ಲಿ ಏಳು ಮುದ್ರೆಗಳ ಮೇಲೆ ಪ್ರಸಂಗ ಮಾಡಿದರು. ಯಾರಿಗೂ ತಿಳಿಯದ ಗುಟ್ಟು ತನಗೆ ತೆರೆದಿದೆ ಎಂಬುದೇ ಅದರ ಸಾರ. 1977ಕ್ಕೆ ಅಂತ್ಯ ಬರುತ್ತದೆ ಅಂತ ಊಹಿಸಿದರು. ಅದನ್ನು ಪ್ರವಾದನೆ ಎನ್ನದೆ ಮುನ್ಸೂಚನೆ ಅಂತ ಕರೆದರು, ಆದರೆ ಪ್ರವಾದಿ ಅಂತ ನಂಬಿದ ಜನರ ಕಿವಿಗೆ ಎರಡಕ್ಕೂ ಏನು ವ್ಯತ್ಯಾಸ? 1965ರಲ್ಲಿ ವಿವಾಹ ಮತ್ತು ವಿಚ್ಛೇದನದ ಮೇಲೆ ಮಾಡಿದ ಪ್ರಸಂಗದಲ್ಲಿ ಹೆಣ್ಣನ್ನು ಸೃಷ್ಟಿಯ ಕ್ರಮದಲ್ಲೇ ಕೆಳಗಿಟ್ಟರು. ಹೆಂಗಸರು ಕೂದಲು ಕತ್ತರಿಸಬಾರದು, ಪ್ಯಾಂಟ್ ಹಾಕಬಾರದು, ಬಣ್ಣ ಹಚ್ಚಬಾರದು ಎಂಬ ನಿಯಮಗಳು ಆ ಸಭೆಗಳಲ್ಲಿ ಇವತ್ತಿಗೂ ರಕ್ಷಣೆಯಷ್ಟೇ ಭಾರವಾದ ವಿಷಯ.

1965ರ ಡಿಸೆಂಬರ್ 18ರಂದು ಟೆಕ್ಸಾಸ್‌ನಲ್ಲಿ ಕುಡಿದು ಗಾಡಿ ಓಡಿಸುತ್ತಿದ್ದವನೊಬ್ಬ ಅವರ ಕಾರಿಗೆ ಗುದ್ದಿದ. ಡಿಸೆಂಬರ್ 24ರಂದು ತೀರಿಹೋದರು, ವಯಸ್ಸು 56. ಸಮಾಧಿ ಮಾಡಿದ್ದು 1966ರ ಏಪ್ರಿಲ್ 11, ಈಸ್ಟರ್ ಆದ ಮಾರನೆಯ ದಿನ. ಆ ತಿಂಗಳುಗಳಲ್ಲಿ ಪ್ರವಾದಿ ಎದ್ದು ಬರ್ತಾರೆ ಅಂತ ಕಾದವರಿದ್ದರು. ಬರಲಿಲ್ಲ. 1977 ಬಂತು, ಹೋಯ್ತು. ಗುಂಪು ಕರಗಲಿಲ್ಲ, ಬೇರೆ ಬೇರೆ ದೇಶಗಳಲ್ಲಿ ಬೆಳೆಯಿತು, ಒಳಗೇ ಒಡೆಯಿತು. ಕೆಲವು ಕಡೆ ಸಭಾಪಾಲಕರು ಬೋಧಿಸ್ತಾರೆ. ಇನ್ನು ಕೆಲವು ಕಡೆ ಬೋಧಕರೇ ಬೇಡ, ಬ್ರಾನ್‌ಹ್ಯಾಮ್ ಅವರ ಟೇಪ್ ಹಾಕಿದರೆ ಸಾಕು ಅಂತ ಆರಾಧನೆಯಲ್ಲಿ ಟೇಪ್ ಕೇಳ್ತಾರೆ.

ಈಗ ಹೊರಬಂದವರ ವಿಷಯ. ಅವರು ಒಂದೇ ಮಾತು ಆಡೋದಿಲ್ಲ. ಅವರ ನಡುವೆ ದೊಡ್ಡ ವಾದ ಇದೆ, ಅದು ಕೆಲವು ಸಲ ಒಳಗಿರುವವರ ಜೊತೆಗಿನ ವಾದಕ್ಕಿಂತ ಬಿಸಿ.

ಮೊದಲು ಅವರು ಹೊರಬಂದದ್ದು ಹೇಗೆ ಅಂತ ತಿಳಿದುಕೊಳ್ಳಿ. ಅನೇಕರನ್ನು ಹೊರಗೆ ತಂದದ್ದು ಎದುರಾಳಿ ಪುಸ್ತಕವಲ್ಲ, ಅವರದ್ದೇ ಟೇಪ್‌ಗಳು. ಶಿಷ್ಯರು ಭಕ್ತಿಯಿಂದ ಸಾವಿರಕ್ಕೂ ಹೆಚ್ಚು ಪ್ರಸಂಗಗಳನ್ನು ಜೋಪಾನ ಮಾಡಿದರು, ಅಚ್ಚು ಹಾಕಿದರು, ಹುಡುಕಿ ನೋಡಲು ಬರುವ ಹಾಗೆ ಜೋಡಿಸಿಟ್ಟರು. ಒಬ್ಬ ವಿಶ್ವಾಸಿ ಅದೇ ಕಥೆಯನ್ನು 1950ರಲ್ಲಿ ಹೇಗೆ ಹೇಳಿದ್ದಾರೆ, 1960ರಲ್ಲಿ ಹೇಗೆ ಹೇಳಿದ್ದಾರೆ ಅಂತ ಪಕ್ಕಪಕ್ಕ ಇಟ್ಟು ನೋಡಲು ಕೂತರೆ ಸಾಕು. ನನಗೆ ಇದು ಆಶ್ಚರ್ಯ. ಸಂದೇಶವನ್ನು ಕಾಪಾಡಿದ ಕೈಗಳೇ ಅದನ್ನು ಪರೀಕ್ಷಿಸುವ ದಾರಿಯನ್ನೂ ತೆರೆದವು.

ಅವರು ಹೆಚ್ಚಾಗಿ ಹೇಳುವ ಉದಾಹರಣೆ ಸೇತುವೆಯದ್ದು. ಜೆಫರ್ಸನ್‌ವಿಲ್ ಮತ್ತು ಲೂಯಿವಿಲ್ ನಡುವೆ ಒಹಾಯೋ ನದಿಗೆ 1929ರಲ್ಲಿ ಒಂದು ಸೇತುವೆ ತೆರೆಯಿತು. ಆ ಜಾಗದಲ್ಲಿ ಸೇತುವೆ ಬರುವುದನ್ನು, ಅದನ್ನು ಕಟ್ಟುವಾಗ 16 ಜನ ಬಿದ್ದು ಸಾಯುವುದನ್ನು ತಾನು ಬಾಲ್ಯದಲ್ಲೇ ದರ್ಶನದಲ್ಲಿ ಕಂಡೆ, ಹಾಗೇ ನಡೆಯಿತು ಅಂತ ಬ್ರಾನ್‌ಹ್ಯಾಮ್ ಸಾಕ್ಷಿ ಹೇಳುತ್ತಿದ್ದರು. ಹೊರಬಂದವರು ಆ ಕಾಲದ ಊರಿನ ಪತ್ರಿಕೆಗಳನ್ನು ಒಂದೊಂದಾಗಿ ತಿರುವಿ ಹಾಕಿದರು. ಸೇತುವೆ ಕೆಲಸದ ಸುದ್ದಿ ಇದೆ. 16 ಜನ ಸತ್ತ ಸುದ್ದಿ ಇಲ್ಲ. ಹದಿನಾರು ಕುಟುಂಬಗಳು ಅತ್ತಿದ್ದರೆ ಊರಿಗೆ ಗೊತ್ತಾಗದೆ ಇರುತ್ತಾ?

ಎರಡನೇದು ಮೋಡ. 1963ರ ಫೆಬ್ರವರಿ 28ರ ಸಂಜೆ ಅರಿಜೋನಾದ ಫ್ಲಾಗ್‌ಸ್ಟಾಫ್ ಊರಿನ ಮೇಲೆ ಉಂಗುರದ ಆಕಾರದ ಮೋಡ ಕಂಡಿತು. ಲೈಫ್ ಪತ್ರಿಕೆ ಮೇ 17ರ ಸಂಚಿಕೆಯಲ್ಲಿ ಚಿತ್ರ ಹಾಕಿತು. ತಾನು ಬೇಟೆಗೆ ಹೋಗಿದ್ದಾಗ ಏಳು ದೂತರು ಇಳಿದು ಬಂದು ಮುದ್ರೆಗಳನ್ನು ತೆರೆಯಲು ಕಳುಹಿಸಿದರು, ಆ ಮೋಡವೇ ಆ ದೂತರು ಅಂತ ಬ್ರಾನ್‌ಹ್ಯಾಮ್ ಹೇಳಿದರು. ಅದೇ ದಿನ ಕ್ಯಾಲಿಫೋರ್ನಿಯಾದ ವ್ಯಾಂಡನ್‌ಬರ್ಗ್‌ನಿಂದ ಹಾರಿಸಿದ ರಾಕೆಟ್ ಒಂದನ್ನು ಆಕಾಶದಲ್ಲೇ ನಾಶಮಾಡಲಾಗಿತ್ತು. ಹೊರಬಂದವರು ಅದನ್ನು ತೋರಿಸ್ತಾರೆ, ಜೊತೆಗೆ ಅವರು ಬೇಟೆಗೆ ಹೋದದ್ದು ಮಾರ್ಚ್‌ನಲ್ಲಿ, ಅದೂ ಫ್ಲಾಗ್‌ಸ್ಟಾಫ್‌ನಿಂದ ಬಹಳ ದಕ್ಷಿಣಕ್ಕೆ ಅಂತ ತೋರಿಸ್ತಾರೆ. ಈ ಮೋಡದ ಚಿತ್ರ, 1950ರ ಜನವರಿಯಲ್ಲಿ ಹೂಸ್ಟನ್‌ನಲ್ಲಿ ತೆಗೆದ, ಅವರ ತಲೆಯ ಮೇಲೆ ಬೆಳಕು ಕಾಣುವ ಇನ್ನೊಂದು ಚಿತ್ರ, ಎರಡೂ ಮೆಸೇಜ್ ವಿಶ್ವಾಸಿಗಳ ಮನೆಗೋಡೆಗಳಲ್ಲಿ ಇರ್ತವೆ. ಹೂಸ್ಟನ್ ಚಿತ್ರದ ನೆಗೆಟಿವ್ ಪರೀಕ್ಷೆ ಮಾಡಿದವರು ಅದನ್ನು ತಿದ್ದಿಲ್ಲ ಅಂತ ಬರೆದುಕೊಟ್ಟರು, ನಿಜ. ಆ ಬೆಳಕು ದೇವರಿಂದ ಬಂತು ಅಂತ ಬರೆದುಕೊಡಲಿಲ್ಲ. ಅದು ಯಾವ ಪ್ರಯೋಗಾಲಯದ ಕೈಲೂ ಆಗುವ ಕೆಲಸ ಅಲ್ಲ.

ಇಷ್ಟು ಕಂಡುಕೊಂಡ ಮೇಲೆ ವಾದ ಶುರುವಾಗುತ್ತೆ. ಒಬ್ಬರು ಹೇಳ್ತಾರೆ: ಮೊದಲಿನಿಂದ ಕೊನೆಯವರೆಗೆ ಎಲ್ಲ ಮೋಸ, ಒಂದೇ ಒಂದು ಸ್ವಸ್ಥತೆಯೂ ನಿಜವಲ್ಲ. ಇನ್ನೊಬ್ಬರು: ಇಲ್ಲ, ವರ ನಿಜ, ಮನುಷ್ಯ ದಾರಿ ತಪ್ಪಿದ. ಮತ್ತೊಬ್ಬರು: ಅವರು ಒಳ್ಳೆಯವರೇ, ಸತ್ತ ಮೇಲೆ ಶಿಷ್ಯರು ಅವರನ್ನು ವಿಗ್ರಹ ಮಾಡಿದರು. ಅಣ್ಣ ಒಂದು ಕಡೆ, ತಂಗಿ ಇನ್ನೊಂದು ಕಡೆ.

ಮೂರನೆಯ ಮಾತಿಗೆ ನಾನು ಹೆಚ್ಚು ಸಮಯ ಕೊಡೋದಿಲ್ಲ. ಟೇಪ್‌ಗಳೇ ಉತ್ತರ ಕೊಡ್ತವೆ. ಸರ್ಪನ ಸಂತಾನ, ಎಲೀಯ, ಮೃಗದ ಗುರುತು, ಇವೆಲ್ಲ ಶಿಷ್ಯರು ಸೇರಿಸಿದ್ದಲ್ಲ, ಅವರ ಬಾಯಿಂದಲೇ ಬಂದದ್ದು.

ಎಲ್ಲ ಮೋಸ ಅನ್ನುವವರ ಕೆಲಸಕ್ಕೆ ನಾನು ತಲೆಬಾಗ್ತೀನಿ. ಅವರು ಬೆರೋಯದವರ ಹಾಗೆ ಹುಡುಕಿ ನೋಡಿದರು, ಅದರ ಬೆಲೆಯನ್ನು ಮನೆಯವರನ್ನು ಕಳೆದುಕೊಂಡು ತೆತ್ತರು. ಆದರೆ ಕೋಪ ಕೆಲವರನ್ನು ಮುಂದಕ್ಕೆ ತಳ್ಳುತ್ತೆ. 1956ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಜಿಮ್ ಜೋನ್ಸ್ ಎಂಬ ಯುವ ಬೋಧಕ ಏರ್ಪಡಿಸಿದ ದೊಡ್ಡ ಕೂಟದಲ್ಲಿ ಬ್ರಾನ್‌ಹ್ಯಾಮ್ ಮುಖ್ಯ ಬೋಧಕರಾಗಿದ್ದರು. ಇದು ಚರಿತ್ರೆ. ಅದೇ ಜೋನ್ಸ್ 1978ರ ನವೆಂಬರಿನಲ್ಲಿ ಗಯಾನಾದ ಕಾಡಿನಲ್ಲಿ 900ಕ್ಕೂ ಹೆಚ್ಚು ಜನರ ಸಾವಿಗೆ ಕಾರಣನಾದ. ಅದಕ್ಕೇ ಆ ಸಾವುಗಳೂ ಬ್ರಾನ್‌ಹ್ಯಾಮ್ ಲೆಕ್ಕಕ್ಕೆ ಅಂತ ಬರೆಯೋದು ನನಗೆ ನ್ಯಾಯ ಅನ್ನಿಸೋದಿಲ್ಲ. ಒಂದು ವೇದಿಕೆ ಹಂಚಿಕೊಂಡವರೆಲ್ಲ ಒಬ್ಬರ ಪಾಪ ಒಬ್ಬರು ಹೊರಬೇಕು ಅಂದರೆ ನಮ್ಮಲ್ಲಿ ಯಾವ ಕನ್ವೆನ್‌ಷನ್ ಬೋಧಕರು ಉಳೀತಾರೆ ಹೇಳಿ. ಇರುವ ತಪ್ಪು ಸಾಕು, ಇಲ್ಲದ್ದನ್ನು ಸೇರಿಸಿದರೆ ಇರುವುದಕ್ಕೂ ಬೆಲೆ ಹೋಗುತ್ತೆ.

ವರ ನಿಜ, ಮನುಷ್ಯ ತಪ್ಪಿದ ಅನ್ನೋ ಮಾತು ಪೆಂತೆಕೊಸ್ತಿನವರಾದ ನಮಗೆ ಬಹಳ ಸಿಹಿ. ನಮ್ಮ ಹಿರಿಯರ ಬಾಯಲ್ಲಿ ಇವತ್ತಿಗೂ ಇದೇ ಉತ್ತರ: "ಮೊದಮೊದಲು ದೇವರು ಉಪಯೋಗಿಸಿದ್ರು, ಆಮೇಲೆ ಬೋಧನೆ ಕೆಟ್ಟೋಯ್ತು." ನನಗೆ ಈ ಉತ್ತರ ತುಂಬಾ ಸುಲಭ ಅನ್ನಿಸುತ್ತೆ. ಯಾಕೆಂದರೆ ಇದರಲ್ಲಿ ಕೂಟ ಏರ್ಪಡಿಸಿದ ನಮ್ಮ ಮೇಲೆ ಯಾವ ಪ್ರಶ್ನೆಯೂ ಉಳಿಯೋದಿಲ್ಲ. ದೂತನ ಕಥೆ, ದರ್ಶನಗಳ ಕಥೆ ಮೊದಲ ದಿನಗಳಿಂದಲೂ ವೇದಿಕೆ ಮೇಲೆ ಇತ್ತು. ಜನ ಸೇರ್ತಿದ್ದರು, ಕಾಣಿಕೆ ಬರ್ತಿತ್ತು, ಯಾರೂ ಪತ್ರಿಕೆ ತೆಗೆದು ನೋಡಲಿಲ್ಲ. ಸೇತುವೆಯ ಲೆಕ್ಕವನ್ನು ಕೇಳಬೇಕಾಗಿದ್ದವರು ಅಂದಿನ ಸಭಾಪಾಲಕರು. ಅದು ಎಷ್ಟೋ ವರ್ಷಗಳ ಮೇಲೆ ಗಾಯಗೊಂಡ ವಿಶ್ವಾಸಿಗಳ ತಲೆಗೆ ಬಂತು.

ಆದರೂ ಆ ಉತ್ತರವನ್ನು ಪೂರ್ತಿ ತಳ್ಳಿಹಾಕೋಕೆ ಆಗಲ್ಲ. ಸ್ವಿಟ್ಜರ್ಲೆಂಡಿನ ವಾಲ್ಟರ್ ಹಾಲೆನ್‌ವೇಗರ್ ಅಂತ ಒಬ್ಬರಿದ್ದರು, ಪೆಂತೆಕೊಸ್ತ್ ಚಳವಳಿಯ ಚರಿತ್ರೆ ಬರೆದವರಲ್ಲಿ ದೊಡ್ಡ ಹೆಸರು. ಜೂರಿಕ್ ಕೂಟದಲ್ಲಿ ಅವರೇ ಬ್ರಾನ್‌ಹ್ಯಾಮ್‌ಗೆ ಅನುವಾದಕರು, ಪಕ್ಕದಲ್ಲೇ ನಿಂತಿದ್ದವರು. ಅವರು ಎರಡು ಮಾತು ಬರೆದಿದ್ದಾರೆ. ರೋಗಿಗಳ ಬಗ್ಗೆ ಬ್ರಾನ್‌ಹ್ಯಾಮ್ ಹೇಳಿದ ವಿವರಗಳಲ್ಲಿ ತಪ್ಪಿದ್ದು ತನಗೆ ಗೊತ್ತಿಲ್ಲ ಅಂತ ಒಂದು. ಹೇಳಿಕೊಂಡದ್ದಕ್ಕೆ ಹೋಲಿಸಿದರೆ, ಸ್ವಸ್ಥತೆ ಬೇಡಿ ಬಂದವರಲ್ಲಿ ನಿಜವಾಗಿ ಗುಣವಾದವರು ಸ್ವಲ್ಪವೇ ಜನ ಅಂತ ಇನ್ನೊಂದು. ಪಕ್ಕದಲ್ಲಿ ನಿಂತು ಕಂಡವರು ಎರಡನ್ನೂ ಬರೆದಿಟ್ಟರು, ಒಂದಕ್ಕೋಸ್ಕರ ಇನ್ನೊಂದನ್ನು ಮುಚ್ಚಲಿಲ್ಲ. ಹೆಸರು ಊರು ಸರಿಯಾಗಿ ಹೇಳೋದು ಬೇರೆ, ರೋಗ ಹೋಗೋದು ಬೇರೆ, ಬೋಧನೆ ಸತ್ಯವಾಗಿರೋದು ಮತ್ತೂ ಬೇರೆ. ನಾವು ಮೂರನ್ನೂ ಒಂದೇ ಗಂಟು ಕಟ್ಟಿಬಿಡ್ತೀವಿ.

ಧರ್ಮೋಪದೇಶಕಾಂಡಕ್ಕೆ ಬನ್ನಿ. ಎಲ್ಲರೂ 18ನೇ ಅಧ್ಯಾಯವನ್ನು ಹೇಳ್ತಾರೆ: ಪ್ರವಾದಿ ಹೇಳಿದ್ದು ನಡೆಯದಿದ್ದರೆ ಅದು ಯೆಹೋವನ ಮಾತಲ್ಲ. ಆದರೆ 13ನೇ ಅಧ್ಯಾಯ ಅದಕ್ಕಿಂತ ಮುಂಚೆ ಇದೆ. ಅಲ್ಲಿ ಪ್ರವಾದಿ ಒಂದು ಗುರುತು ಹೇಳ್ತಾನೆ, ಆ ಗುರುತು ನಡೆದೇ ನಡೆಯುತ್ತೆ. ಆದರೂ ಅವನು ಬೇರೆ ದೇವರ ಕಡೆಗೆ ಕರೆದರೆ ಕಿವಿಗೊಡಬೇಡಿ ಅಂತ ದೇವರು ಹೇಳ್ತಾನೆ. ನೀವು ಪೂರ್ಣ ಹೃದಯದಿಂದ ಆತನನ್ನು ಪ್ರೀತಿಸ್ತೀರೋ ಇಲ್ಲವೋ ಅಂತ ಪರೀಕ್ಷಿಸೋದಕ್ಕೆ ಅದು ನಡೆಯಿತು ಅಂತ ಕಾರಣವನ್ನೂ ಕೊಡ್ತಾನೆ. ಈಗ ನೋಡಿ, ಹೊರಬಂದವರ ವಾದದಲ್ಲಿ ಒಂದು ಕಡೆಯವರು 18ನೇ ಅಧ್ಯಾಯ ಹಿಡಿದು ಒಂದೂ ನಡೆಯಲಿಲ್ಲ ಅಂತ ಸಾಬೀತುಮಾಡಲು ಹೊರಟಿದ್ದಾರೆ. ಇನ್ನೊಂದು ಕಡೆಯವರು ಕೆಲವಾದರೂ ನಡೆಯಿತಲ್ಲ ಅಂತಾರೆ. ಎಷ್ಟು ನಡೆಯಿತು ಅನ್ನೋ ಲೆಕ್ಕ ಮುಗಿಯುವ ತನಕ ನಾವು ತೀರ್ಪಿಗೆ ಕಾಯಬೇಕಾಗಿಲ್ಲ. ನಡೆಯದಿದ್ದದ್ದಕ್ಕೆ 18 ಇದೆ, ನಡೆದದ್ದಕ್ಕೆ 13 ಇದೆ. ಒಬ್ಬ ಮನುಷ್ಯನನ್ನು ಒಪ್ಪಿಕೊಳ್ಳದೆ ಮದಲಗಿತ್ತಿಯಾದ ಸಭೆಯಲ್ಲಿ ಪಾಲಿಲ್ಲ ಅಂತ ಕಲಿಸುವ ಬೋಧನೆ ಎರಡು ಅಧ್ಯಾಯಗಳ ಮುಂದೆಯೂ ನಿಲ್ಲೋದಿಲ್ಲ. ಮಲಾಕಿಯ ಹೇಳಿದ ಎಲೀಯನು ಸ್ನಾನಿಕ ಯೋಹಾನನಲ್ಲಿ ಬಂದನೆಂದು ಲೂಕ 1:17ರಲ್ಲಿ ದೂತನು, ಮತ್ತಾಯ 17ರಲ್ಲಿ ಸ್ವತಃ ಯೇಸು ಸ್ವಾಮಿ ತೋರಿಸಿದ್ದಾರೆ.

18ನೇ ಅಧ್ಯಾಯದ ಕೊನೆಯ ಮಾತನ್ನು ಮಾತ್ರ ಬಿಡಬೇಡಿ. ಅದು ತನ್ನಷ್ಟಕ್ಕೆ ಮಾತಾಡಿದ ಪ್ರವಾದಿಗೆ ನೀವು ಹೆದರಬೇಕಾಗಿಲ್ಲ ಅನ್ನುತ್ತೆ. ಹೊರಬಂದವರ ಜೊತೆ ಕೂತು ಮಾತಾಡಿದವರಿಗೆ ಈ ಮಾತಿನ ಬೆಲೆ ಗೊತ್ತಾಗುತ್ತೆ. ಎಷ್ಟೋ ವರ್ಷ ಆದ ಮೇಲೂ ರಾತ್ರಿ ಗುಡುಗಿದರೆ, ಮಗುವಿಗೆ ಜ್ವರ ಬಂದರೆ, "ಪ್ರವಾದಿಯನ್ನು ಬಿಟ್ಟು ಬಂದದ್ದಕ್ಕೇ ಇರಬಹುದಾ" ಅಂತ ಎದೆ ಹೊಡ್ಕೊಳ್ಳುತ್ತೆ. ವಾದ ಮಾಡಿ ಗೆಲ್ಲಬಹುದು, ಆ ಭಯ ವಾದಕ್ಕೆ ಹೋಗೋದಿಲ್ಲ. ಅದಕ್ಕೇ ಆಜ್ಞೆ ಕೊಟ್ಟ ದೇವರೇ ಹೆದರಬೇಡ ಅಂತಲೂ ಹೇಳಿದ್ದಾನೆ. ಆ ವಚನವನ್ನು ಅವರ ಜೊತೆ ಕೂತು ಓದಿರಿ, ಬೇಕಾದರೆ ಹತ್ತು ಸಲ.

ಒಬ್ಬ ಸಹೋದರಿ ನನ್ನನ್ನು ಕೇಳಿದರು: "ಪಾಸ್ಟರ್, ಅಲ್ಲಿದ್ದಾಗ ನನ್ನ ಮಗುವಿಗೋಸ್ಕರ ಪ್ರಾರ್ಥನೆ ಮಾಡಿದ್ವಿ, ಮಗು ಉಳಿಯಿತು. ಎಲ್ಲ ಸುಳ್ಳು ಅಂತ ಇವರು ಹೇಳ್ತಾರಲ್ಲ, ಹಾಗಾದ್ರೆ ನನ್ನ ಮಗುವನ್ನ ಉಳಿಸಿದ್ದು ಯಾರು?" ವಾದದ ಅಡಿಯಲ್ಲಿ ಇರುವ ಪ್ರಶ್ನೆ ಇದೇ. ಬ್ರಾನ್‌ಹ್ಯಾಮ್ ಯಾರು ಅನ್ನೋದಕ್ಕಿಂತ, ನಾನು ಅಲ್ಲಿ ಕಳೆದ ಇಪ್ಪತ್ತು ವರ್ಷ ಏನು, ನಾನು ಮಂಡಿಯೂರಿದಾಗ ಕೇಳಿದವರು ಯಾರು ಅನ್ನೋದು. ಎಲ್ಲ ಮೋಸ ಅಂತ ಒಪ್ಪಿದರೆ ಮಗುವಿನ ಸಾಕ್ಷಿ ಹೋಗುತ್ತೆ ಅನ್ನೋ ಭಯ. ಸಾಕ್ಷಿ ಉಳಿಸಿಕೊಂಡರೆ ಪ್ರವಾದಿ ವಾಪಸ್ ಬರ್ತಾರೆ ಅನ್ನೋ ಭಯ. ಈ ಇಕ್ಕಟ್ಟಿನಲ್ಲಿ ಕೆಲವರು ಕ್ರಿಸ್ತನನ್ನೇ ಬಿಟ್ಟು ಹೋಗಿದ್ದಾರೆ.

ನಾನು ಅವರಿಗೆ ತಾಮ್ರದ ಸರ್ಪದ ಭಾಗ ತೆಗೆದು ಕೊಟ್ಟೆ. ಅರಣ್ಯದಲ್ಲಿ ಬದುಕಿದವರು ನಿಜವಾಗಿ ಬದುಕಿದರು. ಉಳಿಸಿದ್ದು ತಾಮ್ರ ಅಲ್ಲ. ನೂರಾರು ವರ್ಷ ಆದ ಮೇಲೆ ಹಿಜ್ಕೀಯ ತಾಮ್ರವನ್ನು ಒಡೆದಾಗ ಬದುಕಿದವರ ಬದುಕು ಸುಳ್ಳಾಗಲಿಲ್ಲ. ಒಡೆದ ಮೇಲೂ ಆ ಕಥೆ ಸಾಯಲಿಲ್ಲ, ಯೋಹಾನ 3:14ರಲ್ಲಿ ನಿಕೊದೇಮನ ಮುಂದೆ ಕರ್ತನು ತನ್ನ ಶಿಲುಬೆಯನ್ನು ವಿವರಿಸೋಕೆ ಅದೇ ಸರ್ಪವನ್ನು ತೆಗೆದುಕೊಂಡನು. ಕಂಬ ಹೋಯ್ತು, ಕೃಪೆ ಉಳಿಯಿತು. ಹಾಗಾಗಿ ತಾಯಿ, ನಿಮ್ಮ ಮಗುವಿಗೋಸ್ಕರ ದೇವರಿಗೆ ಸ್ತೋತ್ರ ಹೇಳಿ. ಆ ಫೋಟೋವನ್ನು ಗೋಡೆಯಿಂದ ಇಳಿಸಿ. ಎರಡನ್ನೂ ಒಂದೇ ದಿನ ಮಾಡಬಹುದು.

ಈ ಹೋಲಿಕೆ ಎಲ್ಲಿ ಹೊಂದೋದಿಲ್ಲ ಅನ್ನೋದನ್ನೂ ಹೇಳಬೇಕು. ಸರ್ಪವನ್ನು ಮಾಡು ಅಂತ ದೇವರು ಮೋಶೆಗೆ ಆಜ್ಞೆ ಕೊಟ್ಟದ್ದು ಬರೆದಿದೆ. ಬ್ರಾನ್‌ಹ್ಯಾಮ್‌ರನ್ನು ದೇವರು ಕಳುಹಿಸಿದನೆಂದು ಬರೆದದ್ದು ಬ್ರಾನ್‌ಹ್ಯಾಮ್ ಮತ್ತು ಅವರ ಶಿಷ್ಯರು. ಹಾಗಾಗಿ ಅವರು ಮೊದಲು ಮೋಶೆಯ ಸರ್ಪದಂತೆ ಇದ್ದರು ಅಂತ ನಾನು ಹೇಳ್ತಾ ಇಲ್ಲ. ನಾನು ಹೇಳೋದು ಇಷ್ಟೇ: ದೇವರೇ ಕೊಟ್ಟ ವಸ್ತುವನ್ನೂ ಒಡೆಯಬಹುದಾದರೆ, ದೇವರು ಕೊಟ್ಟನೋ ಇಲ್ಲವೋ ಗೊತ್ತಿಲ್ಲದ್ದನ್ನು ಒಡೆಯೋಕೆ ಇಷ್ಟು ಭಯ ಬೇಡ. ಒಡೆಯುವ ಮುಂಚೆ ಅದರ ಹಳೇ ಲೆಕ್ಕವನ್ನೆಲ್ಲ ತೀರಿಸಬೇಕಾಗಿಯೂ ಇಲ್ಲ. ಮತ್ತಾಯ 7:22-23ರಲ್ಲಿ ಕರ್ತನ ಹೆಸರಿನಲ್ಲಿ ಪ್ರವಾದನೆ ಮಾಡಿದವರು, ದೆವ್ವ ಬಿಡಿಸಿದವರು ನಿಂತಿದ್ದಾರೆ. ನೀವು ಮಾಡಲೇ ಇಲ್ಲ ಅಂತ ಕರ್ತನು ಅವರಿಗೆ ಹೇಳೋದಿಲ್ಲ. ನಿಮ್ಮನ್ನು ನಾನು ಅರಿಯೆ ಅಂತಾನೆ. ಬ್ರಾನ್‌ಹ್ಯಾಮ್ ಆ ಸಾಲಿನಲ್ಲಿ ಇದ್ದಾರೋ ಇಲ್ಲವೋ ನನ್ನ ಕೈಯಲ್ಲಿಲ್ಲ. ಅವರ ಬೋಧನೆಯನ್ನು ತೂಗೋದು ನನ್ನ ಕೈಯಲ್ಲಿದೆ, ತೂಗಿದ್ದೀನಿ.

ಇನ್ನು ಸಭೆಗೆ ಸಂಬಂಧಪಟ್ಟ ಮಾತು. ಅಲ್ಲಿಂದ ಒಬ್ಬರು ಬಂದರೆ ಮೊದಲ ವಾರವೇ ಮೈಕ್ ಕೊಟ್ಟು ಸಾಕ್ಷಿ ಹೇಳಿಸಬೇಡಿ. ಅವರ ಕಥೆ ನಮ್ಮ ಸಭೆಯ ಜಯಭೇರಿ ಅಲ್ಲ. ಸಹೋದರಿಯರು ಉದ್ದ ಕೂದಲು, ಉದ್ದ ಬಟ್ಟೆ ಹಾಗೇ ಇಟ್ಟುಕೊಂಡರೆ "ಇನ್ನೂ ಬಿಟ್ಟಿಲ್ವಾ" ಅಂತ ಕೇಳಬೇಡಿ. ಕತ್ತರಿಸಿಕೊಂಡು ಬಂದರೂ ಏನೂ ಕೇಳಬೇಡಿ. ಅವರ ಅಪ್ಪ ಅಮ್ಮ ಇನ್ನೂ ಅಲ್ಲೇ ಇರಬಹುದು, ಅಣ್ಣನ ಮದುವೆಗೆ ಕರೆಯದೆ ಇರಬಹುದು. ಅವರ ಮುಂದೆ ಆ ಸಭೆಯವರನ್ನು ಹುಚ್ಚರು ಅಂತ ನಗುವವರು ಅವರ ತಾಯಿಯನ್ನು ನೋಡಿ ನಗ್ತಾ ಇದ್ದೀರಿ ಅನ್ನೋದನ್ನು ತಿಳ್ಕೊಳ್ಳಿ. ಒಬ್ಬರಿಗೆ ಅಲ್ಲಿ ಕಲಿತ ಪ್ರಾರ್ಥನೆಯ ಅಭ್ಯಾಸ ಪ್ರಿಯವಾಗಿದ್ದರೆ, ಇನ್ನೊಬ್ಬರಿಗೆ ಆ ಹೆಸರು ಕೇಳಿದರೇ ಹೊಟ್ಟೆ ತೊಳಸಿದರೆ, ಇಬ್ಬರೂ ನಮ್ಮ ಒಂದೇ ಬೆಂಚಿನಲ್ಲಿ ಕೂತ್ಕೊಳ್ಳಲಿ. ಬ್ರಾನ್‌ಹ್ಯಾಮ್ ಬಗ್ಗೆ ಒಂದೇ ಅಭಿಪ್ರಾಯ ಇರಬೇಕು ಅನ್ನೋದು ನಮ್ಮ ಸಭೆಯ ಸದಸ್ಯತ್ವದ ನಿಯಮ ಆಗಬಾರದು. ಅದು ಇನ್ನೊಂದು ರೀತಿಯಲ್ಲಿ ಅವರನ್ನೇ ಮಧ್ಯದಲ್ಲಿ ಇಟ್ಟ ಹಾಗೆ.

ನಮ್ಮ ಪೀಠದ ಬಗ್ಗೆಯೂ ಹೇಳ್ತೀನಿ. 1 ಥೆಸಲೊನೀಕ 5:20-21ರಲ್ಲಿ ಪ್ರವಾದನೆಗಳನ್ನು ಹೀನೈಸಬೇಡಿ ಅಂದ ಪೌಲನು ಅದರ ಹಿಂದೆಯೇ ಎಲ್ಲವನ್ನೂ ಪರಿಶೋಧಿಸಿ ಅಂದಿದ್ದಾನೆ. 1 ಕೊರಿಂಥ 14:29ರಲ್ಲಿ ಒಬ್ಬರು ಮಾತಾಡಿದರೆ ಉಳಿದವರು ವಿವೇಚಿಸಬೇಕು. ನಮ್ಮಲ್ಲಿ ಬರುವ ಪ್ರವಾದನೆಗಳನ್ನು ಇನ್ನು ಮುಂದೆ ಸಭಾ ಕಾರ್ಯದರ್ಶಿ ತಾರೀಖು ಹಾಕಿ ನೋಟ್‌ಬುಕ್‌ನಲ್ಲಿ ಬರೆದಿಡ್ತಾರೆ. ನಾನು ಹೇಳಿದ್ದೂ ಸೇರಿ, ಹೊರಗಿನಿಂದ ಬರುವ ದೇವಸೇವಕರು ಹೇಳಿದ್ದೂ ಸೇರಿ. ವರ್ಷಕ್ಕೆ ಎರಡು ಸಲ ಹಿರಿಯರು ಕೂತು ನೋಡ್ತಾರೆ. ಇದರಿಂದ ಆತ್ಮನನ್ನು ನಂದಿಸಿದ ಹಾಗೆ ಆಗುತ್ತೆ ಅಂತ ಯಾರಿಗಾದರೂ ಅನ್ನಿಸಿದರೆ ಬಂದು ನನ್ನ ಹತ್ತಿರ ಮಾತಾಡಿ. ಅಭಿಷಿಕ್ತರನ್ನು ಮುಟ್ಟಬಾರದು ಅನ್ನೋ ವಚನವನ್ನು ಲೆಕ್ಕ ಕೇಳುವವರ ಬಾಯಿ ಮುಚ್ಚಿಸೋಕೆ ಉಪಯೋಗಿಸೋದು ನಮ್ಮಲ್ಲಿ ಬೇಡ.

ಕೊನೆಗೆ ಅವರಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ, ದೀಕ್ಷಾಸ್ನಾನ. ಅಲ್ಲಿ ಯೇಸು ಕ್ರಿಸ್ತನ ಹೆಸರಿನಲ್ಲಿ ಮಾತ್ರ ಕೊಡ್ತಾರೆ, ನಾವು ಮತ್ತಾಯ 28:19ರ ಪ್ರಕಾರ ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ಕೊಡ್ತೀವಿ. ಬಂದ ದಿನವೇ ನಾನು ಅವರನ್ನು ನೀರಿಗೆ ಕರೆಯೋದಿಲ್ಲ. ಮೊದಲು ಅಪೊಸ್ತಲರ ಕೃತ್ಯಗಳು 19:1-5 ಕೂತು ಓದ್ತೀವಿ. ಎಫೆಸದಲ್ಲಿ ಆ ಹನ್ನೆರಡು ಮಂದಿಯನ್ನು ಪೌಲನು, ಹಾಗಾದರೆ ಯಾವ ದೀಕ್ಷಾಸ್ನಾನ ಮಾಡಿಸಿಕೊಂಡಿರಿ ಅಂತ ಕೇಳಿದನು. ಬೈಯಲಿಲ್ಲ, ಕೇಳಿದನು. ನಾನೂ ಅದನ್ನೇ ಕೇಳ್ತೀನಿ: ನೀವು ನೀರಿಗೆ ಇಳಿದಾಗ ಯಾರನ್ನು ನಂಬಿ ಇಳಿದಿರಿ? ನಾಲ್ಕೈದು ವಾರ ಯೋಹಾನನ ಸುವಾರ್ತೆ ಓದಿದ ಮೇಲೆ ಅವರೇ ಉತ್ತರ ಹೇಳಲಿ. ಈ ವಿಷಯದಲ್ಲಿ ಯಾರಿಗಾದರೂ ಪ್ರಶ್ನೆ ಇದ್ದರೆ ಬುಧವಾರ ಸಂಜೆ ಆರೂವರೆಗೆ ಸಭಾಮಂದಿರದಲ್ಲಿ ಇರ್ತೀನಿ. ಮುಂದಿನ ಪಾಠಕ್ಕೆ 1 ಅರಸುಗಳು 13 ಓದಿಕೊಂಡು ಬನ್ನಿ, ಬೇತೇಲಿನ ಮುದುಕ ಪ್ರವಾದಿಯ ಕಥೆ. ಈಗ ಎದ್ದು ನಿಲ್ಲೋಣ, ಪ್ರಾರ್ಥಿಸೋಣ.